ದೀಪದ ಕೀಲಿಕೈ ಯಾರ ಹತ್ತಿರ?

ಸಿಂಧನೂರಿನಲ್ಲಿ ಒಂದು ಮದುವೆ. ಹೊಸದಾಗಿ ಕಟ್ಟಿದ ಕಲ್ಯಾಣಮಂಟಪ. ಭತ್ತದ ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವ ಕಾಲ. ಸಂಜೆಯ ಆರತಕ್ಷತೆಗೆ ಏಳೆಂಟು ನೂರು ಮಂದಿ ನೆರೆದಿದ್ದಾರೆ. ವಧೂವರರು ನಿಂತಿರುವ ವೇದಿಕೆಯ ಮೇಲಿನ ದೀಪಗಳು ಕ್ಷಣಕ್ಕೊಂದು ಬಣ್ಣ ತಾಳುತ್ತಿವೆ. ಗೋಡೆಯ ಮೇಲೆ ಎಲ್ಲಿ ಹುಡುಕಿದರೂ ದೀಪದ ಸ್ವಿಚ್ಚು ಕಾಣದು. ವ್ಯವಸ್ಥಾಪಕನ ಕೈಯಲ್ಲಿರುವ ಮೊಬೈಲ್ ಫೋನೇ ಇಡೀ ಮಂಟಪಕ್ಕೆ ಸ್ವಿಚ್ಚು.

ಇದ್ದಕ್ಕಿದ್ದಂತೆ ದೀಪಗಳೆಲ್ಲ ಆರಿಹೋದವು. ಫ್ಯಾನು ತಿರುಗುತ್ತಲೇ ಇದೆ. ಧ್ವನಿವರ್ಧಕದಲ್ಲಿ ವಾಲಗ ಕೇಳುತ್ತಲೇ ಇದೆ. ಮಕ್ಕಳು ಅಳತೊಡಗಿದರು. ಊಟದ ಮನೆಗೆ ಇಳಿಯುವ ಮೆಟ್ಟಿಲಿನ ಮೇಲೆ ವೃದ್ಧೆಯೊಬ್ಬರು ಗೋಡೆ ತಡವುತ್ತ ನಿಂತುಬಿಟ್ಟರು. ಹೆಣ್ಣಿನ ತಂದೆ ಓಡಿಬಂದರು.

“ಕರೆಂಟು ಹೋತೇನ್ರೀ?”

“ಇಲ್ರೀ ಗೌಡ್ರ, ಕರೆಂಟು ಐತಿ. ಲೈಟು ಹೇಳಿದ ಮಾತು ಕೇಳವಲ್ವು.”

“ಮತ್ತ ಸ್ವಿಚ್ಚು ಎಲ್ಲೈತಿ? ಲಗೂನ ಹಾಕ್ರಿ!”

“ಸ್ವಿಚ್ಚು ಇಲ್ರೀ. ಎಲ್ಲಾ ಮೊಬೈಲಿನಾಗ ಐತಿ. ಅದು ನೋಡಿದ್ರ ಪಾಸ್‌ವರ್ಡ್ ತಪ್ಪು ಅನ್ನಾಕತ್ತೈತಿ.”

“ಹಂಗಾರ ಇದರ ಕೀಲಿಕೈ ಯಾರ ಹತ್ರ ಐತಿ?”

ವ್ಯವಸ್ಥಾಪಕನಲ್ಲಿ ಉತ್ತರವಿರಲಿಲ್ಲ.

ಓದುಗರು ಗಾಬರಿಪಡಬೇಕಾಗಿಲ್ಲ. ಈ ಮದುವೆಯೂ ಈ ಮಂಟಪವೂ ನಮ್ಮ ಕಲ್ಪನೆಯವು. ಆದರೆ ಗೌಡರು ಕೇಳಿದ ಕೊನೆಯ ಪ್ರಶ್ನೆ ಕಲ್ಪನೆಯದಲ್ಲ. ದೊಡ್ಡ ನಗರಗಳ ಕಚೇರಿಗಳಲ್ಲಿ ಮೊದಲಾದ ‘ಸ್ಮಾರ್ಟ್’ ದೀಪಗಳು ಈಗ ಸಣ್ಣ ಊರುಗಳ ಅಂಗಡಿಗಳಲ್ಲಿಯೂ ದೊರೆಯುತ್ತಿವೆ. ಮನೆ, ನರ್ಸಿಂಗ್ ಹೋಮ್, ಶಾಲೆ, ಛತ್ರ ಯಾವುದೇ ಆಗಲಿ, ಹೊಸ ಕಟ್ಟಡ ಕಟ್ಟಿಸುವವರು ನೆಲದ ಕಲ್ಲನ್ನು ಹತ್ತು ಸಲ ತಟ್ಟಿ ನೋಡುತ್ತಾರೆ; ಬಾಗಿಲಿನ ಮರವನ್ನು ಬಡಗಿಯೊಡನೆ ವಾದಿಸಿ ಆರಿಸುತ್ತಾರೆ. ದೀಪದ ಕೀಲಿಕೈ ಯಾರ ಹತ್ತಿರ ಇರುವುದೆಂದು ಕೇಳುವವರು ವಿರಳ. ಕೇಳದಿದ್ದರೆ ಏನಾಗುವುದು? ಹೊರದೇಶಗಳಲ್ಲಿ ನಡೆದುಹೋದ ಕೆಲವು ಸಂಗತಿಗಳೇ ಅದನ್ನು ಹೇಳುತ್ತವೆ.

ಕಳ್ಳ ತಾನೇ ಕೀಲಿ ಜಡಿದ ಕಥೆ

2021ರ ಅಕ್ಟೋಬರ್ ತಿಂಗಳು. ಜರ್ಮನಿಯ ಒಂದು ಕಚೇರಿ ಕಟ್ಟಡಕ್ಕೆ ಸ್ವಯಂಚಾಲಿತ ದೀಪವ್ಯವಸ್ಥೆಯನ್ನು ಅಳವಡಿಸಿಕೊಟ್ಟಿದ್ದ ಸಂಸ್ಥೆಗೆ ವಿಚಿತ್ರವಾದ ಸಂಕಟ ಒದಗಿತು. ಕಟ್ಟಡದ ದೀಪದ ಸ್ವಿಚ್ಚುಗಳು, ಜನಸಂಚಾರವನ್ನು ಗ್ರಹಿಸುವ ಸೆನ್ಸರುಗಳು, ಕಿಟಕಿಯ ಪರದೆಗಳನ್ನು ಏರಿಳಿಸುವ ಯಂತ್ರಗಳು ಹೀಗೆ ನೂರಾರು ಉಪಕರಣಗಳು ಒಮ್ಮೆಲೇ ಮೂಕವಾದವು. ನಾಲ್ಕರಲ್ಲಿ ಮೂರು ಪಾಲು ಉಪಕರಣಗಳು ತಮಗೆ ಕಲಿಸಿದ್ದನ್ನೆಲ್ಲ ಮರೆತಿದ್ದವು. ಮರಳಿ ಕಲಿಸೋಣವೆಂದರೆ ಅವಕ್ಕೆ ಯಾರೋ ಗುಪ್ತಸಂಖ್ಯೆಯ ಕೀಲಿ ಜಡಿದಿದ್ದರು. ಕಟ್ಟಡದಲ್ಲಿ ಬೆಳಕು ಬೇಕಾದರೆ ಮುಖ್ಯ ವಿದ್ಯುತ್ ಪೆಟ್ಟಿಗೆಯ ಬಳಿಗೆ ಹೋಗಿ ಬ್ರೇಕರನ್ನು ಎತ್ತಬೇಕು, ಬೇಡವಾದರೆ ಇಳಿಸಬೇಕು. ಲಕ್ಷಗಟ್ಟಲೆ ಬೆಲೆಯ ವ್ಯವಸ್ಥೆ ನಮ್ಮ ಅಜ್ಜಂದಿರ ಕಾಲದ ಫ್ಯೂಜ್ ಪೆಟ್ಟಿಗೆಯ ಮಟ್ಟಕ್ಕೆ ಇಳಿಯಿತು!

ಇದು ಹೇಗಾಯಿತೆಂಬುದು ಇನ್ನೂ ಸ್ವಾರಸ್ಯವಾಗಿದೆ. ಆ ಉಪಕರಣಗಳಿಗೆ ಗುಪ್ತಸಂಖ್ಯೆ ಹಾಕಿ ಭದ್ರಪಡಿಸುವ ಸೌಕರ್ಯ ಮೊದಲಿನಿಂದಲೂ ಇತ್ತು. ಆದರೆ ಹಾಕಲೇಬೇಕೆಂಬ ಕಟ್ಟಳೆ ಇರಲಿಲ್ಲ. ಇತ್ತ ಹೊರಗಿನ ಇಂಟರ್‌ನೆಟ್ಟಿನಿಂದ ಕಟ್ಟಡದ ಒಳಜಾಲಕ್ಕೆ ಬರುವ ಒಂದು ಕಿಂಡಿಯೂ ಕಾವಲಿಲ್ಲದೆ ತೆರೆದಿತ್ತು. ಆ ಕಿಂಡಿಯಲ್ಲಿ ನುಸುಳಿದ ಆಗಂತುಕ ಏನನ್ನೂ ಒಯ್ಯಲಿಲ್ಲ. ಯಜಮಾನ ಹಾಕದೆ ಬಿಟ್ಟಿದ್ದ ಕೀಲಿಯನ್ನು ತಾನೇ ಹಾಕಿ, ಕೀಲಿಕೈಯನ್ನು ಜೇಬಿಗಿಳಿಸಿ ಹೊರಟುಹೋದ.

ಕೊನೆಗೆ ಆಸ್ಟ್ರಿಯ ದೇಶದ ಲೈಮ್ಸ್ ಸೆಕ್ಯುರಿಟಿ ಎಂಬ ಸಂಸ್ಥೆಯ ತಜ್ಞರು ಮೂಕವಾದ ಕೆಲವು ಉಪಕರಣಗಳನ್ನು ತರಿಸಿಕೊಂಡು, ಅವುಗಳ ನೆನಪಿನ ಕೋಶವನ್ನು ಓದಿ, ಆ ಗುಪ್ತಸಂಖ್ಯೆಯನ್ನು ಹೊರತೆಗೆದರು. 2023ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸರಕಾರಿ ಸೈಬರ್ ರಕ್ಷಣಾ ಸಂಸ್ಥೆಯೂ ಇದೇ ಬಗೆಯ ದೋಷದ ಬಗ್ಗೆ ಎಚ್ಚರಿಕೆಯನ್ನು ಪ್ರಕಟಿಸಿತು. ಅದರ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟೆ: ನಿಮ್ಮ ಕೀಲಿಯನ್ನು ನೀವೇ ಹಾಕಿರಿ, ಇಲ್ಲವಾದರೆ ಬೇರೆಯವರು ಹಾಕುವರು.

ಇನ್ನೆರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 2014ರಲ್ಲಿ ಹೆಸೂಸ್ ಮೊಲಿನಾ ಎಂಬ ತಜ್ಞರು ಚೀನಾದ ಷೆನ್‌ಜೆನ್ ನಗರದ ಒಂದು ಐಷಾರಾಮದ ಹೋಟೆಲಿನಲ್ಲಿ ಅತಿಥಿಯಾಗಿ ಇಳಿದಿದ್ದರು. ಕೋಣೆಯ ದೀಪ, ಪರದೆ, ಟೆಲಿವಿಷನ್ನುಗಳನ್ನು ನಿಯಂತ್ರಿಸಲು ಹೋಟೆಲಿನವರೇ ಒಂದು ಐಪ್ಯಾಡ್ ಇಟ್ಟಿದ್ದರು. ಅದು ಕಳುಹಿಸುತ್ತಿದ್ದ ಆಜ್ಞೆಗಳು ಅತಿಥಿಗಳು ಉಪಯೋಗಿಸುವ ವೈಫೈ ಜಾಲದಲ್ಲಿಯೇ ಬಟ್ಟಬಯಲಾಗಿ ಓಡಾಡುತ್ತಿದ್ದುದನ್ನು ಮೊಲಿನಾ ಕಂಡರು. ಕುಳಿತಲ್ಲಿಂದಲೇ ಇನ್ನೂರಕ್ಕೂ ಹೆಚ್ಚು ಕೋಣೆಗಳ ದೀಪಗಳನ್ನು ಆಡಿಸಬಹುದೆಂದು ಅವರಿಗೆ ತಿಳಿಯಿತು. ಅವರು ಹೋಟೆಲಿನವರಿಗೆ ವಿಷಯ ತಿಳಿಸಿದರು. ಮುಂದೆ ತಜ್ಞರ ಸಮ್ಮೇಳನವೊಂದರಲ್ಲಿ ಅದನ್ನು ವಿವರಿಸಿದರು. ಬಂದವರೆಲ್ಲರಿಗೂ ಸಿಗಲೆಂದು ಗೋಡೆಯ ಮೇಲೆ ವೈಫೈ ಪಾಸ್‌ವರ್ಡನ್ನು ಬರೆದು ತೂಗುಹಾಕುವ ಛತ್ರಗಳವರು ಈ ಸಂಗತಿಯನ್ನು ನೆನಪಿಡಬೇಕು.

ಇನ್ನೊಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮಿನಚಾಗ್ ಪ್ರೌಢಶಾಲೆಯದು. 2021ರ ಆಗಸ್ಟಿನಲ್ಲಿ ಅಲ್ಲಿನ ದೀಪಗಳನ್ನು ಆಳುತ್ತಿದ್ದ ಕಂಪ್ಯೂಟರ್ ವ್ಯವಸ್ಥೆ ಕೆಟ್ಟಿತು. ಕೆಟ್ಟಾಗ ದೀಪ ಉರಿಯುತ್ತಲೇ ಇರಬೇಕೆಂದು ಅದನ್ನು ರಚಿಸಲಾಗಿತ್ತು. ಅದರಂತೆ ಸುಮಾರು ಏಳು ಸಾವಿರ ದೀಪಗಳು ಹಗಲೂ ರಾತ್ರಿಯೂ, ರಜೆಯಲ್ಲಿಯೂ, ಒಂದೂವರೆ ವರ್ಷದ ಹತ್ತಿರ ಉರಿದವು. ಆರಿಸಲು ಸಾಧಾರಣ ಸ್ವಿಚ್ಚು ಇರಲಿಲ್ಲ. ಬಿಡಿಭಾಗಗಳು ಬರುವುದು ತಡವಾಯಿತು. ಸಾಧ್ಯವಿದ್ದ ಕಡೆ ಸಿಬ್ಬಂದಿ ಬಲ್ಬುಗಳನ್ನೇ ಬಿಚ್ಚಿದರು. ಇಲ್ಲಿ ನಮಗೆ ಬೇಕಾದ ಪಾಠವೆಂದರೆ, ಯಂತ್ರ ಕೆಟ್ಟ ದಿನ ಮನುಷ್ಯನ ಕೈಗೆ ಎಟಕುವ ಒಂದು ಸ್ವಿಚ್ಚು ಇರಲೇಬೇಕು.

ತಂತಿ ತುಂಡರಿಸುವ ಸ್ವಿಚ್ಚು, ಮಾತನಾಡುವ ಸ್ವಿಚ್ಚು

1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅದಕ್ಕೆ ಮೂರು ವರ್ಷ ಮೊದಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು. ಆಗಿನಿಂದ ಮೊನ್ನೆ ಮೊನ್ನೆಯವರೆಗೂ ಸ್ವಿಚ್ಚಿನ ಕೆಲಸ ಒಂದೇ. ಅದು ತಂತಿಯನ್ನು ಕೂಡಿಸುತ್ತದೆ, ಇಲ್ಲವೆ ತುಂಡರಿಸುತ್ತದೆ. ದೀಪವನ್ನು ಆರಿಸಬೇಕೆನ್ನುವ ಕಿಡಿಗೇಡಿಯಾದರೂ ನಿಮ್ಮ ಮನೆಯೊಳಗೆ ಬಂದು ಗೋಡೆಯ ಬಳಿ ನಿಲ್ಲಬೇಕಾಗಿತ್ತು. ಮನೆಯ ಬಾಗಿಲೇ ದೀಪದ ಕಾವಲುಗಾರ.

ಹೊಸ ಬಗೆಯ ದೀಪದಲ್ಲಿ ಕಥೆ ಬೇರೆ. ವಿದ್ಯುತ್ತು ದೀಪದ ಬಳಿ ಸದಾ ಸಿದ್ಧವಾಗಿ ನಿಂತಿರುತ್ತದೆ. ‘ಬೆಳಗು’, ‘ಆರು’, ‘ಅರ್ಧಕ್ಕೆ ಇಳಿ’ ಎಂಬ ಆಜ್ಞೆ ಮಾತ್ರ ತಂತಿಯ ಮೂಲಕವೋ ಗಾಳಿಯ ಮೂಲಕವೋ ಬಂದು ತಲುಪುತ್ತದೆ. ಇದರಿಂದ ಪ್ರಯೋಜನವಿಲ್ಲವೆಂದು ಯಾರೂ ಹೇಳಲಾರರು. ಜನರಿಲ್ಲದ ಕೋಣೆಯಲ್ಲಿ ದೀಪ ತಾನಾಗಿ ಆರುವುದು. ಕಿಟಕಿಯಿಂದ ಬಿಸಿಲು ಬಂದಾಗ ತಾನಾಗಿ ಮಂದವಾಗುವುದು. ಕರೆಂಟಿನ ಬಿಲ್ಲು ಇಳಿಯುವುದು. ಶಕ್ತಿನಗರದ ಉಷ್ಣವಿದ್ಯುತ್ ಕೇಂದ್ರದ ಹೊಗೆಗೂಡುಗಳನ್ನು 1985ರಿಂದ ನೋಡುತ್ತಿರುವ ರಾಯಚೂರು ಜಿಲ್ಲೆಯವರಿಗೆ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಎಷ್ಟು ಕಲ್ಲಿದ್ದಲು ಸುಡುವುದೆಂದು ಹೇಳಿಕೊಡಬೇಕಾಗಿಲ್ಲ. ಉಳಿತಾಯ ಒಳ್ಳೆಯದೇ.

ಆದರೆ ಆಜ್ಞೆ ಯಾರದು? ಈ ಪ್ರಶ್ನೆಯನ್ನು ಹಳೆಯ ಪದ್ಧತಿಗಳು ಕೇಳುವುದೇ ಇಲ್ಲ. ಕಟ್ಟಡಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಡಾಲಿ’ ಎಂಬ ಪದ್ಧತಿಯಲ್ಲಿ ಒಂದು ಜೋಡಿ ತಂತಿಯ ಮೇಲೆ 64 ದೀಪಸಾಧನಗಳಿಗೆ ಬೇರೆ ಬೇರೆ ವಿಳಾಸ ಕೊಡಬಹುದು. ಆ ತಂತಿಯನ್ನು ಮುಟ್ಟಿದವರ ಮಾತನ್ನೆಲ್ಲ ದೀಪ ನಂಬುತ್ತದೆ. ಯುರೋಪಿನಲ್ಲಿ ಹುಟ್ಟಿದ ‘ಕೆ.ಎನ್.ಎಕ್ಸ್.’ ಪದ್ಧತಿಯ ಮೂಲರೂಪವೂ ಹಾಗೆಯೇ. ಜರ್ಮನಿಯ ಕಚೇರಿಯಲ್ಲಿಯೂ ಷೆನ್‌ಜೆನ್ನಿನ ಹೋಟೆಲಿನಲ್ಲಿಯೂ ಇದ್ದುದು ಇದೇ ಪದ್ಧತಿ. ಇವುಗಳನ್ನು ರಚಿಸಿದವರನ್ನು ದೂರುವುದು ನ್ಯಾಯವಲ್ಲ. ತಂತಿ ಗೋಡೆಯೊಳಗೆ ಹುದುಗಿದ್ದಾಗ ಆ ನಂಬಿಕೆ ಸಾಕಾಗಿತ್ತು. ಅದೇ ತಂತಿಯನ್ನು ಒಂದು ಪೆಟ್ಟಿಗೆಯ ಮೂಲಕ ಇಂಟರ್‌ನೆಟ್ಟಿಗೆ ಜೋಡಿಸಿದಾಗ ಗೋಡೆಯೇ ಇಲ್ಲದಂತಾಯಿತು. ಈಗ ಕೆ.ಎನ್.ಎಕ್ಸ್. ಪದ್ಧತಿಗೆ ಸುರಕ್ಷಿತ ರೂಪವೂ ಬಂದಿದೆ, ಕೇಳಿ ಹಾಕಿಸಿಕೊಳ್ಳಬೇಕಷ್ಟೆ.

ಮಸ್ಕಿಯ ಬಂಡೆ ಹೇಳುವ ಪಾಠ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ಬೆಟ್ಟದ ಬಂಡೆಯ ಮೇಲಿನ ಶಾಸನವನ್ನು ಶಾಲೆಯ ಪುಸ್ತಕದಲ್ಲಿ ಓದದವರಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅದನ್ನು ಪತ್ತೆಮಾಡಿದರು. ಅದುವರೆಗೆ ದೇಶದ ನಾನಾ ಕಡೆ ದೊರೆತಿದ್ದ ಧರ್ಮಲಿಪಿಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಲೇ ಕರೆದುಕೊಂಡಿದ್ದನು. ಸಿಂಹಳದ ಪುರಾತನ ಗ್ರಂಥಗಳ ಆಧಾರದಿಂದ ಆತನೇ ಅಶೋಕನೆಂದು 1837ರಲ್ಲಿಯೇ ವಿದ್ವಾಂಸರು ಹೇಳಿದ್ದರೂ ಕಲ್ಲಿನ ಸಾಕ್ಷ್ಯ ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲಿಯೇ ಅಶೋಕನೆಂಬ ಹೆಸರು ಕಾಣಿಸಿತು. ಆಜ್ಞೆ ಯಾರದೆಂಬುದು ನಿಸ್ಸಂದೇಹವಾಯಿತು.

ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಲಿಪಿಗೂ ಇಂದಿನ ದೀಪಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಇದು: ಬಿರುದನ್ನು ಯಾರು ಬೇಕಾದರೂ ಹೇಳಿಕೊಳ್ಳಬಹುದು, ಹೆಸರು ಸಾಕ್ಷ್ಯದೊಡನೆ ಬರಬೇಕು. ‘ನಾನು ಮ್ಯಾನೇಜರು’ ಎಂಬುದು ಬಿರುದು. ಒಂದೇ ಪಾಸ್‌ವರ್ಡನ್ನು ಮಾಲೀಕ, ವ್ಯವಸ್ಥಾಪಕ, ಎಲೆಕ್ಟ್ರಿಷಿಯನ್, ಕಳೆದ ವರ್ಷ ಕೆಲಸ ಬಿಟ್ಟುಹೋದ ಹುಡುಗ ನಾಲ್ವರೂ ಉಪಯೋಗಿಸುತ್ತಿದ್ದರೆ, ರಾತ್ರಿ ಎರಡು ಗಂಟೆಗೆ ದೀಪ ಆರಿಸಿದವರು ಯಾರೆಂದು ಬ್ರಹ್ಮನೂ ಹೇಳಲಾರ. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ, ಅವರವರದೇ ಗುಪ್ತಪದ ಇರಬೇಕು. ಯಾರು ಎಷ್ಟು ಹೊತ್ತಿಗೆ ಏನು ಆಜ್ಞೆ ಕೊಟ್ಟರೆಂಬುದು ದಾಖಲೆಯಲ್ಲಿ ನಿಲ್ಲಬೇಕು. ಕೆಲಸ ಬಿಟ್ಟ ದಿನವೇ ಆ ಖಾತೆ ರದ್ದಾಗಬೇಕು. ಭದ್ರತೆಯ ಮೊದಲ ಮೆಟ್ಟಿಲು ಇದು.

ಎಲ್ಲ ಬೀಗಕ್ಕೂ ಒಂದೇ ಕೀಲಿಕೈ!

ಹೆಸರು ಕೇಳುವ ದೀಪಗಳಾದರೂ ಕೆಲವೊಮ್ಮೆ ಮೋಸಹೋಗುತ್ತವೆ. 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ಇಯಾಲ್ ರೋನನ್, ಆದಿ ಶಮೀರ್ ಮೊದಲಾದವರು ಕೆನಡಾದ ಸಂಶೋಧಕರೊಬ್ಬರೊಡನೆ ಸೇರಿ ಒಂದು ಪ್ರಯೋಗ ನಡೆಸಿದರು. ಶಮೀರರು ಸಾಮಾನ್ಯರಲ್ಲ, ಬ್ಯಾಂಕು ವ್ಯವಹಾರಗಳನ್ನು ಕಾಯುವ ಆರ್.ಎಸ್.ಎ. ಎಂಬ ಗೂಢಲಿಪಿಯ ಮೂವರು ಜನಕರಲ್ಲಿ ಒಬ್ಬರು. ಈ ತಂಡ ಪ್ರಸಿದ್ಧವಾದ ‘ಫಿಲಿಪ್ಸ್ ಹ್ಯೂ’ ದೀಪಗಳನ್ನು ಪರೀಕ್ಷೆಗೆ ಆರಿಸಿಕೊಂಡಿತು. ದೀಪದೊಳಗಿನ ಕಾರ್ಯಸೂಚಿಯನ್ನು ಬದಲಿಸಬೇಕಾದರೆ ಒಂದು ರಹಸ್ಯ ಕೀಲಿಕೈ ಬೇಕು. ದೀಪ ಕೆಲಸ ಮಾಡುವಾಗ ಅದು ಬಳಸುವ ವಿದ್ಯುತ್ತಿನ ಏರಿಳಿತವನ್ನು ಸೂಕ್ಷ್ಮವಾಗಿ ಅಳೆದೇ ಅವರು ಆ ಕೀಲಿಕೈಯನ್ನು ಊಹಿಸಿಬಿಟ್ಟರು! ಇನ್ನೂ ದೊಡ್ಡ ಆಶ್ಚರ್ಯವೆಂದರೆ, ಒಂದು ದೀಪದಿಂದ ತೆಗೆದ ಆ ಕೀಲಿಕೈ ಅದೇ ಜಾತಿಯ ಬೇರೆ ದೀಪಗಳಿಗೂ ಒಪ್ಪುತ್ತಿತ್ತು.

ಆಮೇಲೆ ಅವರು ಒಂದು ಡ್ರೋನಿಗೆ ಸಣ್ಣ ರೇಡಿಯೋ ಸಾಧನವನ್ನು ಕಟ್ಟಿ, ಬೀರ್‌ಷೀಬಾ ನಗರದ ಒಂದು ಕಚೇರಿ ಕಟ್ಟಡದ ಕಡೆಗೆ ಹಾರಿಸಿದರು. ಸುಮಾರು 350 ಮೀಟರ್ ದೂರದಿಂದಲೇ ಅಲ್ಲಿನ ದೀಪಗಳು ಅವರ ವಶವಾಗಿ, ಹಡಗಿನವರು ಆಪತ್ತಿನಲ್ಲಿ ಕಳುಹಿಸುವ ‘ಎಸ್.ಓ.ಎಸ್.’ ಸಂಕೇತವನ್ನು ಮಿಣುಕಿದವು. ಒಂದು ದೀಪಕ್ಕೆ ತಗುಲಿದ ಸೋಂಕು ನೆರೆಯ ದೀಪಕ್ಕೆ ದಾಟಬಲ್ಲುದು. ಪ್ಯಾರಿಸ್ಸಿನಷ್ಟು ವಿಸ್ತಾರವಾದ ನಗರದಲ್ಲಿ ಅಂಥ ಹದಿನೈದು ಸಾವಿರ ದೀಪಗಳು ಹರಡಿದ್ದರೆ ಸೋಂಕು ಊರಿಗೆಲ್ಲ ವ್ಯಾಪಿಸಬಲ್ಲುದು ಎಂದು ಅವರು ಲೆಕ್ಕಹಾಕಿದರು. ಅವರು ಮೊದಲೇ ತಿಳಿಸಿದ್ದುದರಿಂದ ತಯಾರಕರು 2016ರ ಅಕ್ಟೋಬರಿನಲ್ಲಿ ದೋಷವನ್ನು ತಿದ್ದಿ ಹೊಸ ಕಾರ್ಯಸೂಚಿಯನ್ನು ಕಳುಹಿಸಿದರು. ಆ ತಿದ್ದುಪಡಿಯನ್ನು ಹಾಕಿಸಿಕೊಂಡವರಿಗೆ ರಕ್ಷಣೆ ದೊರೆಯಿತು. ‘ಆಮೇಲೆ ನೋಡೋಣ’ ಎಂದವರು ಹಾಗೆಯೇ ಉಳಿದರು.

ಅದೇ ವರ್ಷ ‘ಮಿರೈ’ ಎಂಬ ಪೀಡೆ ಹಬ್ಬಿತು. ಅದಕ್ಕೆ ಇಷ್ಟು ಪಾಂಡಿತ್ಯವೂ ಬೇಕಾಗಲಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಉಪಕರಣಗಳಲ್ಲಿರುವ ಅರವತ್ತರಷ್ಟು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳ ಪಟ್ಟಿಯನ್ನು ಹಿಡಿದು ಅದು ಬಾಗಿಲು ಬಾಗಿಲು ತಟ್ಟಿತು. ಲಕ್ಷಗಟ್ಟಲೆ ಕ್ಯಾಮೆರಾಗಳೂ ರೂಟರುಗಳೂ ಬಾಗಿಲು ತೆರೆದವು. 2016ರ ಅಕ್ಟೋಬರ್ 21ರಂದು ಅವುಗಳ ಸೈನ್ಯವನ್ನೇ ಕಟ್ಟಿಕೊಂಡು ನಡೆಸಿದ ದಾಳಿಯಿಂದ ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ಸ್ತಬ್ಧವಾದವು. ಹೊಸ ಮನೆಗೆ ಹೊಸ ಬೀಗ ಹಾಕಿ, ಅಂಗಡಿಯವನು ಕೊಟ್ಟ ಕೀಲಿಕೈಯನ್ನು ಬೀಗದಲ್ಲಿಯೇ ಬಿಟ್ಟು ಊರಿಗೆ ಹೋಗುವವರುಂಟೆ? ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಡುವುದು ಅದಕ್ಕೆ ಸಮಾನ.

ಮುದಗಲ್ಲಿನ ಕೋಟೆಯಿಂದ ಕಲಿಯಬೇಕಾದುದು

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಮೊಹರಮ್ಮಿಗೆ ಹೇಗೆ ಹೆಸರಾಗಿದೆಯೋ ಕೋಟೆಗೂ ಹಾಗೆಯೇ ಹೆಸರಾಗಿದೆ. ವಿಜಯನಗರದವರೂ ಬಿಜಾಪುರದ ಆದಿಲ್‌ಶಾಹಿಗಳೂ ಅದಕ್ಕಾಗಿ ಕಾದಾಡಿದರು. ಆ ಕೋಟೆಯನ್ನು ಕಟ್ಟಿದವರು ಒಂದೇ ಗೋಡೆಯನ್ನು ನಂಬಿ ಕೂರಲಿಲ್ಲ. ಹೊರಗೆ ನೀರು ತುಂಬಿದ ಅಗಳು, ಅದರಾಚೆ ಬುರುಜುಗಳ ಸಾಲು, ಒಳಗೆ ಬೆಟ್ಟದ ಮೇಲೆ ಮತ್ತೊಂದು ಸುತ್ತು. ಮೊದಲ ಬಾಗಿಲು ಬಿದ್ದರೂ ಶತ್ರು ಅರಮನೆಯ ಅಂಗಳಕ್ಕೆ ನೇರವಾಗಿ ನುಗ್ಗಲಾರ. ಸಂತೆಗೆ ಬಂದವನು ಸಂತೆಯ ತನಕ. ಮದ್ದಿನ ಮನೆಗೆ ಅದರ ಕಾವಲಿನವನು ಮಾತ್ರ.

ಕಟ್ಟಡದ ಜಾಲವನ್ನೂ ಹೀಗೆಯೇ ಸುತ್ತು ಸುತ್ತಾಗಿ ಕಟ್ಟಬೇಕು. ಅತಿಥಿಗಳ ವೈಫೈ ಒಂದು, ಕಚೇರಿಯ ಲೆಕ್ಕಪತ್ರದ ಕಂಪ್ಯೂಟರುಗಳದು ಇನ್ನೊಂದು, ದೀಪಗಳದು ಮೂರನೆಯದು. ಒಂದರಿಂದ ಒಂದಕ್ಕೆ ದಾರಿ ಇರಕೂಡದು. ಇರಲೇಬೇಕಾದರೆ ಒಂದೇ ಬಾಗಿಲಿರಬೇಕು, ಆ ಬಾಗಿಲಿಗೆ ಕಾವಲಿರಬೇಕು. ಸಾಧಾರಣ ಮನೆಯ ರೂಟರಿನಲ್ಲಿಯೂ ‘ಗೆಸ್ಟ್’ ಎಂಬ ಹೆಸರಿನ ಪ್ರತ್ಯೇಕ ಜಾಲವನ್ನು ತೆರೆಯುವ ಸೌಕರ್ಯ ಬಹುಮಟ್ಟಿಗೆ ಇರುತ್ತದೆ. ಮನೆಗೆ ಬರುವ ಬಂಧುಗಳ ಫೋನುಗಳನ್ನು ಅಲ್ಲಿಗೆ ಕಳುಹಿಸಿದರೆ ಅರ್ಧ ಕೋಟೆ ಕಟ್ಟಿದಂತೆಯೆ.

ಅಧಿಕಾರವೂ ಸುತ್ತು ಸುತ್ತಾಗಿಯೇ ಇರಬೇಕು. ನರ್ಸಿಂಗ್ ಹೋಮೊಂದನ್ನು ನೆನೆಯಿರಿ. ರಾತ್ರಿಪಾಳಿಯ ದಾದಿಗೆ ತನ್ನ ವಾರ್ಡಿನ ದೀಪವನ್ನು ಮಂದಮಾಡುವ ಅಧಿಕಾರ ಸಾಕು. ಎಲೆಕ್ಟ್ರಿಷಿಯನ್ನನಿಗೆ ದುರಸ್ತಿಯ ದಿನದ ಮಟ್ಟಿಗೆ ಅಧಿಕಾರ ಸಾಕು. ಶಸ್ತ್ರಚಿಕಿತ್ಸೆಯ ಕೋಣೆಯ ದೀಪಕ್ಕೂ ಮೆಟ್ಟಿಲು ಮತ್ತು ತುರ್ತು ದಾರಿಯ ದೀಪಗಳಿಗೂ ಈ ಜಾಲದ ಸಹವಾಸವೇ ಬೇಡ. ಖಾತೆಗಳನ್ನು ತೆರೆಯುವ, ಮುಚ್ಚುವ ಪರಮಾಧಿಕಾರ ಮಾಲೀಕರಲ್ಲಿಯೇ ಇರಬೇಕು. ಅಳವಡಿಸಿಕೊಟ್ಟ ಸಂಸ್ಥೆಯವರಲ್ಲಿ ಅಲ್ಲ. ನಮ್ಮ ಕಥೆಯ ಕಲ್ಯಾಣಮಂಟಪದಲ್ಲಿ ತಪ್ಪಿದ್ದು ಇದೇ.

ದೀಪ ಹೇಳುವ ಚಾಡಿ

‘ದೀಪ ತಾನೆ? ಆರಿದರೆ ಆರಲಿ, ಕಳ್ಳನಿಗೆ ಅದರಿಂದ ಏನು ಸಿಕ್ಕೀತು?’ ಎನ್ನುವವರಿಗೆ ಒಂದು ಮಾತು. ಸ್ಮಾರ್ಟ್ ದೀಪಕ್ಕೆ ಕಣ್ಣೂ ಉಂಟು, ನೆನಪೂ ಉಂಟು. ಯಾವ ಕೋಣೆಯಲ್ಲಿ ಜನರಿದ್ದಾರೆ, ಎಷ್ಟು ಹೊತ್ತಿಗೆ ಮಲಗುತ್ತಾರೆ, ಯಾವ ದಿನ ಮನೆ ಬರಿದಾಗಿತ್ತು ಎಂಬುದೆಲ್ಲ ಅದರ ಲೆಕ್ಕದಲ್ಲಿರುತ್ತದೆ. ಜಾತ್ರೆಗೆಂದು ಮನೆಗೆ ಬೀಗ ಹಾಕಿ ಹೋಗುವ ಕುಟುಂಬದವರು ನೆರೆಯವರಿಗೆ ಮಾತ್ರ ಹೇಳಿ ಹೋಗುತ್ತಾರೆ. ಕಾವಲಿಲ್ಲದ ದೀಪ ಅದನ್ನು ಊರಿಗೆಲ್ಲ ಸಾರುತ್ತದೆ.

ದೀಪವು ದಾರಿಯೂ ಆಗಬಲ್ಲುದು. 2020ರ ಫೆಬ್ರವರಿಯಲ್ಲಿ ಚೆಕ್ ಪಾಯಿಂಟ್ ಎಂಬ ಸಂಸ್ಥೆಯ ಸಂಶೋಧಕರು, ಒಂದು ದೀಪವನ್ನು ವಶಪಡಿಸಿಕೊಂಡು, ಅದರ ಮೂಲಕ ದೀಪಗಳ ನಿಯಂತ್ರಣ ಪೆಟ್ಟಿಗೆಯನ್ನು ಹೊಕ್ಕು, ಅಲ್ಲಿಂದ ಮನೆಯ ಇಲ್ಲವೆ ಕಚೇರಿಯ ಕಂಪ್ಯೂಟರ್ ಜಾಲವನ್ನೇ ಸೇರಬಹುದೆಂದು ತೋರಿಸಿದರು. ಇದನ್ನೂ ತಯಾರಕರು ಸುದ್ದಿ ಹೊರಬೀಳುವ ಮೊದಲೇ ಸರಿಪಡಿಸಿದ್ದರು. ನುಗ್ಗುವವನಿಗೆ ದೀಪ ಬರಿಯ ಹಿತ್ತಿಲ ಬಾಗಿಲು. ಅವನ ಕಣ್ಣು ಒಳಗಿನ ಪೆಟ್ಟಿಗೆಯ ಮೇಲೆ.

ಬೀದಿಯ ದೀಪಗಳ ವಿಷಯವೂ ಇದಕ್ಕೆ ಹೊರತಲ್ಲ. 2015ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದೊಡನೆ ದೇಶದ ಅನೇಕ ಊರುಗಳಲ್ಲಿ ಎಲ್.ಇ.ಡಿ. ದೀಪಗಳೂ, ಅವುಗಳನ್ನು ದೂರದಿಂದಲೇ ಹೊತ್ತಿಸಿ ಆರಿಸುವ ನಿಯಂತ್ರಣ ಪೆಟ್ಟಿಗೆಗಳೂ ಬಂದವು. ಇಂಥ ಟೆಂಡರಿಗೆ ಸಹಿ ಹಾಕುವ ದಿನ, ಸಿಂಧನೂರಿನ ನಗರಸಭೆಯಾಗಲಿ ಲಿಂಗಸುಗೂರು ಮಸ್ಕಿಗಳ ಪುರಸಭೆಗಳಾಗಲಿ, ಗೌಡರ ಪ್ರಶ್ನೆಯನ್ನೇ ಕೇಳಬೇಕು. ಗುತ್ತಿಗೆ ಮುಗಿದ ಮೇಲೆ ಊರಿನ ಬೆಳಕಿನ ಕೀಲಿಕೈ ಊರಿನವರ ಕೈಗೆ ಬರುವುದೆ? ತಿದ್ದುಪಡಿಗಳನ್ನು ಎಷ್ಟು ವರ್ಷ ಕೊಡುವರು? ಹೆಣ್ಣುಮಕ್ಕಳು ಟ್ಯೂಷನ್ ಮುಗಿಸಿ ಬರುವ ಬೀದಿಯಲ್ಲಿ ಬೆಳಕಿರುವುದೂ ಇಲ್ಲದಿರುವುದೂ ಸಣ್ಣ ಮಾತಲ್ಲ.

ಕಾನೂನು ಏನು ಹೇಳುತ್ತದೆ?

ಹೊರದೇಶಗಳಲ್ಲಿ ಸರಕಾರಗಳು ತಯಾರಕರ ಕಿವಿ ಹಿಂಡತೊಡಗಿವೆ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 2020ರ ಜನವರಿ 1ರಿಂದ, ಜಾಲಕ್ಕೆ ಸೇರುವ ಉಪಕರಣಗಳಿಗೆ ತಕ್ಕ ಭದ್ರತೆ ಇರಬೇಕೆಂಬ ಕಾನೂನು ಜಾರಿಗೆ ಬಂದಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಗೃಹಬಳಕೆಯ ಇಂಥ ಸಾಮಾನುಗಳನ್ನು ಎಲ್ಲಕ್ಕೂ ಒಂದೇ ಆದ ಪಾಸ್‌ವರ್ಡಿನೊಡನೆ ಮಾರುವುದು ನಿಷಿದ್ಧ. ತಿದ್ದುಪಡಿಗಳನ್ನು ಎಷ್ಟು ಕಾಲ ಕೊಡುವರೆಂಬುದನ್ನೂ ಅಲ್ಲಿ ತಯಾರಕರು ಪ್ರಕಟಿಸಬೇಕು.

ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ವಿಧಿಗಳ ಪ್ರಕಾರ, ಯಜಮಾನನ ಅಪ್ಪಣೆಯಿಲ್ಲದೆ ಕೆಡುಕಿನ ಉದ್ದೇಶದಿಂದ ಕಂಪ್ಯೂಟರ್ ಜಾಲವನ್ನು ಹೊಕ್ಕವರಿಗೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು. ಕೇಂದ್ರ ಸರಕಾರದ ‘ಸರ್ಟ್-ಇನ್’ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು, ಸಂಸ್ಥೆಗಳು ಸೈಬರ್ ದಾಳಿಯನ್ನು ಅರಿತ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ವಿಧಿಸಿತು. ಜಾಲಕ್ಕೆ ಸೇರಿದ ಇಂಥ ಉಪಕರಣಗಳ ಮೇಲಿನ ದಾಳಿಯೂ ಅದರಲ್ಲಿ ಸೇರಿದೆ. ಹಣ ಕಳೆದುಕೊಂಡವರು ಕರೆಯಬೇಕಾದ ಸಹಾಯವಾಣಿ 1930. ಆದರೆ ಕಾನೂನು ಕಳ್ಳನನ್ನು ಹಿಡಿಯುವುದು ಕಳವಾದ ಮೇಲೆ. ಬಾಗಿಲು ಹಾಕಿಕೊಳ್ಳುವ ಕೆಲಸ ಮನೆಯವರದೇ.

ಗೃಹಪ್ರವೇಶಕ್ಕೆ ಮುನ್ನ

ಹಾಗಾದರೆ ಹೊಸ ದೀಪಗಳನ್ನು ಹಾಕಿಸಿಕೊಳ್ಳಲೇಬಾರದೆ? ಖಂಡಿತ ಹಾಕಿಸಿಕೊಳ್ಳಬಹುದು. ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವ ಮುನ್ನ ಕೆಲವು ಕೆಲಸಗಳನ್ನು ಮುಗಿಸಿಕೊಂಡರೆ ಸಾಕು.

ಕಾರ್ಖಾನೆಯ ಪಾಸ್‌ವರ್ಡುಗಳನ್ನೆಲ್ಲ ನಿಮ್ಮ ಎದುರಿನಲ್ಲಿಯೇ ಬದಲಿಸಲು ಹೇಳಿ. ಹೊಸದನ್ನು ಒಂದು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಮನೆಯ ಪತ್ರಗಳ ಜೊತೆಗೆ ತಿಜೋರಿಯಲ್ಲಿಡಿ. ಗೋಡೆಯ ಮೇಲೆ ಅಲ್ಲ. ಉಪಕರಣಗಳಿಗೆ ಗುಪ್ತಸಂಖ್ಯೆಯ ಕೀಲಿ ಹಾಕುವ ಸೌಕರ್ಯವಿದ್ದರೆ ಹಾಕಿಸಿ, ಆ ಸಂಖ್ಯೆಯನ್ನೂ ಪಡೆದುಕೊಳ್ಳಿ. ಹೊರಗಿನಿಂದ ದುರಸ್ತಿ ಮಾಡಲೆಂದು ಗುತ್ತಿಗೆದಾರ ತೆರೆದಿಟ್ಟ ದಾರಿಯನ್ನು ಮುಚ್ಚಿಸಿ. ಬೇಕಾದ ದಿನ ತೆರೆದರಾಯಿತು. ದೀಪಗಳಿಗೆ ಬೇರೆ ಜಾಲ ಮಾಡಿಸಿ. ತಯಾರಕರು ಕಳುಹಿಸುವ ತಿದ್ದುಪಡಿಗಳು ತಾವಾಗಿಯೇ ಸೇರುವಂತೆ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಇಂಟರ್‌ನೆಟ್ಟಿನ ತಂತಿಯನ್ನು ಒಮ್ಮೆ ಕಿತ್ತು ನೋಡಿ. ಆಗಲೂ ಗೋಡೆಯ ಸ್ವಿಚ್ಚನ್ನು ಒತ್ತಿದರೆ ದೀಪ ಹತ್ತಬೇಕು. ಹತ್ತದಿದ್ದರೆ ಕೊನೆಯ ಕಂತನ್ನು ಕೊಡಬೇಡಿ.

ಇದಕ್ಕೆಲ್ಲ ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಮನೆಯಲ್ಲಿ ಯಾವ ಕೋಣೆಗೆ ಯಾವ ಕೀಲಿಕೈ, ಅದು ಯಾವ ಸೊಸೆಯ ಸೆರಗಿನ ತುದಿಯಲ್ಲಿರಬೇಕು, ಅಟ್ಟದ ಕೀಲಿಕೈಯನ್ನು ಯಾರಿಗೆ ಕೊಡಬಾರದು ಎಂಬುದನ್ನು ನಮ್ಮ ತಾಯಂದಿರು ಯಾವ ಶಾಲೆಗೂ ಹೋಗದೆ ತಿಳಿದಿದ್ದರು. ಆ ಜಾಣತನವನ್ನೇ ದೀಪದವರೆಗೆ ವಿಸ್ತರಿಸಿದರೆ ಸಾಕು.

ಸಿಂಧನೂರಿನ ಮದುವೆಯ ಮನೆಗೆ ಹಿಂದಿರುಗೋಣ. ವ್ಯವಸ್ಥಾಪಕನ ಮೇಜಿನ ಸೆಳೆಖಾನೆಯಲ್ಲಿ ಒಂದು ಲಕೋಟೆ, ವೇದಿಕೆಯ ಪಕ್ಕದ ಗೋಡೆಯಲ್ಲಿ ಒಂದು ಸಾಧಾರಣ ಸ್ವಿಚ್ಚು, ಇವೆರಡೇ ಇದ್ದಿದ್ದರೆ ಕತ್ತಲೆ ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿಯುತ್ತಿರಲಿಲ್ಲ. ಮೆಟ್ಟಿಲಿನ ಮೇಲಿದ್ದ ವೃದ್ಧೆ ಗೋಡೆ ಬಿಟ್ಟು ಧೈರ್ಯವಾಗಿ ಊಟದ ಪಂಕ್ತಿಗೆ ಇಳಿಯುತ್ತಿದ್ದರು.